ಹಾಸಿಗೆಯೋ ರೆಕ್ಕೆಯೋ

ಹನುಮಪ್ಪನ ಗುಡಿಯ ಹಿಂದಿನ ಎಕ್ಕದ ಗಿಡದಲ್ಲಿ ಒಂದೇ ಒಂದು ಕಾಯಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ತಾಯೀ, ಮಕ್ಕಳನ್ನು ಬಿಟ್ಟುಕೊಡು. ಮಳೆ ಹಿಡಿದರೆ ಒಳಗೇ ಕೊಳೆತಾವು," ಎಂದಿತು ಗಾಳಿ.

"ದೇವರೇ ರೇಷ್ಮೆಯಂಥ ಹಾಸಿಗೆ ಹಾಸಿ ಅವನ್ನು ನನ್ನ ಮಡಿಲಲ್ಲಿ ಮಲಗಿಸಿದ್ದಾನೆ. ಎಬ್ಬಿಸಲು ನೀನ್ಯಾರಪ್ಪಾ?" ಎಂದಿತು ಕಾಯಿ.

ಒಳಗಿನಿಂದ ಕಿರಿಯ ಬೀಜ ಮೆಲ್ಲಗೆ ಹೇಳಿತು: "ಅವ್ವಾ, ಇದು ಹಾಸಿಗೆಯಲ್ಲ. ನಮ್ಮ ಮೈಗೇ ಅಂಟಿಕೊಂಡು ಹುಟ್ಟಿದೆ. ರೆಕ್ಕೆಯೇ ಇರಬೇಕು."

ಕಾಯಿ ಒಂದೊಂದೇ ಬೀಜದ ಮೈಯನ್ನು ಒಳಗಿಂದಲೇ ತಡವಿ ನೋಡಿತು. ಆಮೇಲೆ, "ಕೊಟ್ಟವನೂ ಅವನೇ, ಕಾಯುವವನೂ ಅವನೇ," ಎನ್ನುತ್ತ ಬಿರಿಯಿತು. ಬೀಜಗಳೆಲ್ಲ ಹಾರಿಹೋದವು, ಒಂದೂ ತಿರುಗಿ ನೋಡಲಿಲ್ಲ.

ಮೊದಲ ಮಳೆ ಬಿದ್ದಾಗ ಬರಿದಾದ ಕಾಯಿ ಗುಡಿಯ ಕಡೆಗೆ ಬೊಗಸೆ ಒಡ್ಡಿದಂತಿತ್ತು. "ಸ್ವಾಮೀ, ಅವು ಎಲ್ಲೇ ಬಿದ್ದಿರಲಿ, ಈ ಮಳೆ ಅಲ್ಲಿಗೂ ಬರಲಿ," ಎಂದು ಒಂಟಿಯಾಗಿ ಬೇಡಿಕೊಂಡಿತು.