ಅರವತ್ತು ಎಂದ ಮುಳ್ಳು

ಕರಿಬಸಪ್ಪ ಜೀಪಿಗೆ ದೊಡ್ಡ ಟೈರು ಹಾಕಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿ ಹೊರಟ. ಘಾಟಿಯ ತಿರುವಿನಲ್ಲಿ ಎತ್ತರದ ಜೀಪು ವಾಲಾಡಿ, ತಡೆಗೋಡೆಗೆ ಒಂದು ಗೇಣು ಇರುವಾಗ ನಿಂತಿತು.

"ವೇಗ ಎಷ್ಟಿತ್ತು?" ಎಂದು ಸ್ಟೇರಿಂಗ್ ನಡುಗುತ್ತ ಕೇಳಿತು.

"ಅರವತ್ತು. ನನಗೆ ಸುಳ್ಳು ಹೇಳಿ ಗೊತ್ತಿಲ್ಲ," ಎಂದಿತು ಸ್ಪೀಡೋಮೀಟರಿನ ಮುಳ್ಳು.

ಹಿಂದಿದ್ದ ಹಳೆ ಅಳತೆಯ ಸ್ಟೆಪ್ನಿ ಹೇಳಿತು: "ನೀನು ಎಣಿಸುವುದು ಸುತ್ತುಗಳನ್ನು. ಈ ದೊಡ್ಡವರ ಒಂದೊಂದು ಸುತ್ತೂ ನನ್ನದಕ್ಕಿಂತ ಉದ್ದ. ನಾವು ಅರವತ್ತೆಂಟರಲ್ಲಿದ್ದೆವು."

"ಟೈರು ಬದಲಾದದ್ದನ್ನು ನನಗೆ ಯಾರೂ ಹೇಳಲಿಲ್ಲ!"

"ನಿಂಬೆಹಣ್ಣಿಗಷ್ಟೇ ಹೇಳಿದ್ದರು."

ಮರುದಿನ ಕರಿಬಸಪ್ಪ ಹಳೆಯ ಟೈರುಗಳನ್ನೇ ಹಾಕಿಸಿಕೊಂಡು ಅದೇ ದಾರಿಯಲ್ಲಿ ಬಂದ. ತಿರುವು ಹತ್ತಿರವಾದಾಗ ಮುಳ್ಳು "ನಲವತ್ತು" ಎಂದು, ಮೊದಲ ಬಾರಿಗೆ ಚಕ್ರಗಳನ್ನು ಕೇಳಿತು: "ಸರಿ ತಾನೇ?"

"ಸರಿ," ಎಂದವು ನಾಲ್ಕೂ. ಸ್ಟೇರಿಂಗ್ ನಿರಾಳವಾಗಿ ತಿರುಗಿತು.