ನರಿಯ ಎದುರಿನ ಮೂಲೆ

ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ಒಂದು ಕಾಡಿನಲ್ಲಿ ಗೆಣಸು ಬಲಿತಿತ್ತು. ಆ ದುಂಡನೆಯ ಗೆಣಸಿನ ಬಯಲು ನಾಲ್ವರದು: ನರಿ, ಮೊಲ, ಆಮೆ, ಮುಳ್ಳುಹಂದಿ. ಎರಡು ನೇರ ಬಿದಿರುಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು, ನಡುವೆ ಬಳ್ಳಿ ಕಟ್ಟಿ ಪಾಲು ಮಾಡಿಕೊಂಡಿದ್ದರು. ಸರಿಯಾಗಿ ಎರಡು ಸಲ ಮಡಿಸಿದ ಮುತ್ತುಗದ ಎಲೆ ಬಿದಿರುಗಳು ಸೇರುವಲ್ಲಿ ಪ್ರತಿಯೊಬ್ಬರ ಮೂಲೆಯಲ್ಲೂ ಅಳತೆ ತಪ್ಪದೆ ಕೂರುತ್ತಿತ್ತು. ನರಿಯ ಅಕ್ಕಪಕ್ಕ ಮೊಲ ಮತ್ತು ಮುಳ್ಳುಹಂದಿ. ಎದುರಿಗೆ ಆಮೆ.

ಅಗೆಯುವ ದಿನ ಮೊಲ ಬಂದು ನೋಡಿತು. ಅದರ ಮೂಲೆ ಕಿರಿದಾಗಿತ್ತು. ಮಡಿಸಿದ ಎಲೆ ಒಳಗೆ ಹಿಡಿಸಲೇ ಇಲ್ಲ. ಪೊದೆಯಲ್ಲಿ ಐದು ಮರಿಗಳಿದ್ದವು. ಬೇಸಿಗೆಯವರೆಗೂ ಅವುಗಳ ಹೊಟ್ಟೆಗೆ ಇದೇ ಗೆಣಸು.

"ನರಿಯಣ್ಣ, ಬಿದಿರು ಎಳೆದೆಯಾ?"

"ರಾಮ ರಾಮಾ! ನಾನಾ? ನನ್ನ ಮೂಲೆ ಇದ್ದಷ್ಟೇ ಇದೆ ತಂಗಿ. ಒಳಗೆ ಮಾತ್ರ ಬರಬೇಡ, ಕಾಡುಹಂದಿ ಬಾರದಿರಲಿ ಅಂತ ನನ್ನ ಕಡೆಯ ಬಿದಿರಿಗೆ ನಡುವಿನಿಂದ ತುದಿಯವರೆಗೂ ಮುಳ್ಳು ಹೊದಿಸಿದ್ದೇನೆ. ನಿನ್ನ ಆ ಪಕ್ಕದ ಆಮೆಯ ಮೂಲೆ ನೋಡು!"

ಮೊಲ ಅಲ್ಲಿ ಎಲೆ ಇಟ್ಟಿತು. ಪಕ್ಕದಲ್ಲಿ ಇನ್ನೂ ಜಾಗ ಉಳಿಯಿತು.

"ತಾತ, ನೀನೂ ಹೀಗೆ ಮಾಡೋದಾ?"

ಆಮೆ ಕತ್ತು ಹೊರಗೆ ಚಾಚಿತು. "ಬಿದಿರು ಕಚ್ಚಿ ಎಳೆಯೋಕೆ ನನಗೆ ಹಲ್ಲೆಲ್ಲಿದೆಯಮ್ಮ?"

"ಅಳತೆ ಸುಳ್ಳು ಹೇಳುತ್ತಾ?" ಎಂದು ಅಬ್ಬರಿಸಿತು ನರಿ. "ಬಿದಿರು ಎಳೆದವರು ಒಂದು ಗೆಣಸನ್ನೂ ಮುಟ್ಟದೆ ಬಯಲು ಬಿಡಬೇಕು. ಒಪ್ಪಿಗೆಯಾ?"

"ಒಪ್ಪಿಗೆ" ಎಂದರು ಎಲ್ಲರೂ.

ಮೊಲ ಕೂತು ಎರಡು ಕಡ್ಡಿಗಳನ್ನು ಅಡ್ಡ ಇಟ್ಟಿತು. ಒಂದನ್ನು ತಿರುಗಿಸಿತು. ಈ ಕಡೆ ಎಷ್ಟು ಬಾಯಿ ತೆರೆಯಿತೋ ಎದುರು ಕಡೆಯೂ ಅಷ್ಟೇ ತೆರೆಯಿತು. ಪಕ್ಕದ ಎರಡೂ ಅಷ್ಟಷ್ಟೇ ಮುಚ್ಚಿಕೊಂಡವು. ಮೊಲದ ಕಿವಿ ನೆಟ್ಟಗಾಯಿತು.

"ನರಿಯಣ್ಣ, ತಾತನ ಮೂಲೆ ಅಗಲವಾಗಿದೆ ತಾನೆ?"

"ಮತ್ತೆ! ಕಣ್ಣಿಗೆ ಹೊಡೆಯುತ್ತಿದೆ!"

"ಹಾಗಾದರೆ ನಿನ್ನದೂ ಅಷ್ಟೇ ಅಗಲವಾಗಿದೆ. ನೇರ ಬಿದಿರಿನ ಒಂದು ತುದಿ ಸರಿದರೆ ಇನ್ನೊಂದು ಸುಮ್ಮನಿರುತ್ತಾ? ಇದ್ದಷ್ಟೇ ಇದೆ ಅಂತ ಯಾಕೆ ಸುಳ್ಳು ಹೇಳಿದೆ? ಮುಳ್ಳು ತೆಗೆ, ತುದಿ ನೋಡೋಣ."

"ಅಯ್ಯೋ, ಮುಳ್ಳು ಚುಚ್ಚುತ್ತೆ!"

"ಯಾರಿಗೆ, ನನಗಾ?" ಮುಳ್ಳುಹಂದಿ ನಕ್ಕು, ಮುಳ್ಳಿನ ರಾಶಿಗೆ ನುಗ್ಗಿ ಅದನ್ನು ಪಕ್ಕಕ್ಕೆ ತಳ್ಳಿತು. ಬಿದಿರಿನ ತುದಿಯಲ್ಲಿ ನರಿಯ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು.

ನರಿ ತನ್ನ ಮಾತಿಗೇ ಸಿಕ್ಕಿಬಿದ್ದು ಬಾಲ ಮುದುರಿ ಹೊರಟಿತು. ಉಳಿದವರು ಎಲೆ ಇಟ್ಟು ಬಿದಿರನ್ನು ಸರಿಪಡಿಸಿದರು. ನರಿಯ ಪಾಲನ್ನು ಮೂವರೂ ಹಂಚಿಕೊಂಡರು.

ನೀತಿ: ಪಕ್ಕದವರ ಪಾಲು ಕದ್ದು ಎದುರಿನವರ ಮೇಲೆ ದೂರು ಹೊರಿಸಿದರೆ ಆ ದೂರೇ ನಮ್ಮನ್ನು ಹಿಡಿದುಕೊಡುತ್ತದೆ. ಎರಡು ನೇರ ಗೆರೆಗಳು ಒಂದನ್ನೊಂದು ದಾಟಿದಲ್ಲಿ ಎದುರು ಕೋನಗಳು ಯಾವಾಗಲೂ ಸಮ. ಅಕ್ಕಪಕ್ಕದ ಎರಡು ಕೋನಗಳ ಮೊತ್ತ ನೂರ ಎಂಬತ್ತು ಡಿಗ್ರಿ.