ಮೀಕಾಯೇಲನ ಹಬ್ಬದ ರೊಟ್ಟಿ

ಯೋಸ್ಟ್‌ನ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಆಂಬ್ರೋಸ್ ಪಾದ್ರಿಗಳಿಗೆ ಸಾಕುಸಾಕಾಗಿತ್ತು.

ಜರ್ಮನ್ ನಾಡಿನಲ್ಲಿ, ಹೊಳೆ ದಂಡೆಯ ಮೇಲಿನ ಒಂದು ಹಳ್ಳಿ. ಹೊಳೆ ಕಡೆಯ ಕೇರಿಯಲ್ಲಿ ಸುಧಾರಣೆಯ ಹೊಸ ಮತದವರು, ಗುಡ್ಡದ ಕಡೆಯ ಕೇರಿಯಲ್ಲಿ ಪೋಪನನ್ನು ನಂಬಿದ ಹಳೆ ಮತದವರು. ಇಗರ್ಜಿ ಮಾತ್ರ ಒಂದೇ. ಬೆಳಿಗ್ಗೆ ಹಳೆ ಮತದವರ ಪೂಜೆ, ಹತ್ತು ಗಂಟೆಯ ಮೇಲೆ ಹೊಸ ಮತದವರ ಪ್ರಾರ್ಥನೆ.

ಆಂಬ್ರೋಸ್ ಹೊಸ ಮತದವರ ಪಾದ್ರಿ. ಎಪ್ಪತ್ತು ದಾಟಿದವರು, ಪ್ರಾಯದಲ್ಲಿ ಸನ್ಯಾಸಿಯಾಗಿದ್ದು ಮಠ ಬಿಟ್ಟು ಬಂದವರು. ಯೋಸ್ಟ್ ಅವರ ಶಿಷ್ಯ. ಮೂವತ್ತರ ಗಂಡಸು, ಓದಿದವನು, ಪ್ರಾಮಾಣಿಕ. ತೊಂದರೆ ಇದ್ದದ್ದೇ ಅಲ್ಲಿ. ಅವನ ಪ್ರಾಮಾಣಿಕತೆಗೆ ಒಂದು ದಿನವೂ ರಜೆ ಇರಲಿಲ್ಲ.

"ಗುರುಗಳೇ, ಅವರ ಧೂಪದ ವಾಸನೆ ನಮ್ಮ ಪ್ರಾರ್ಥನೆಯ ಹೊತ್ತಿಗೂ ಉಳಿದಿರುತ್ತದೆ. ಏನು ಮಾಡೋಣ?"

"ಕಿಟಕಿ ತೆಗಿ."

"ತೆಗೆದರೂ ಹೋಗುವುದಿಲ್ಲ."

"ಹಾಗಾದರೆ ಮೂಗು ಮುಚ್ಚಿಕೊ ಮಾರಾಯ. ಪ್ರಾರ್ಥನೆ ಮಾಡುವುದು ಬಾಯಲ್ಲಿ ತಾನೆ?"

ಯೋಸ್ಟ್ ಮೂಗು ಮುಚ್ಚಿಕೊಳ್ಳಲಿಲ್ಲ. ಇಗರ್ಜಿಯ ಗೋಡೆ ಮೇಲಿದ್ದ ಸಂತರ ಚಿತ್ರಗಳಿಗೆಲ್ಲ ಸುಣ್ಣ ಬಳಿದ. ಆವತ್ತಿನಿಂದ ಎರಡು ಕೇರಿಗಳ ನಡುವೆ ಮಾತೇ ನಿಂತುಹೋಯಿತು. ಗುಡ್ಡದ ಕೇರಿಯಲ್ಲಿ ರೊಟ್ಟಿ ಸುಟ್ಟು ಮಾರುವ ಊರ್ಸುಲ ಒಬ್ಬಳು ಮಾತ್ರ ಆಗಾಗ ಹಿತ್ತಲ ಬೇಲಿಯ ಹತ್ತಿರ ಬಂದು ಪಾದ್ರಿಗಳನ್ನು ವಿಚಾರಿಸಿಕೊಂಡು ಹೋಗುತ್ತಿದ್ದಳು.

ಇದೆಲ್ಲ ಸಾಲದು ಅಂತ ಪಂಚಾಂಗದ ಜಗಳ ಬೇರೆ.

ಹಿಂದೆ ಒಬ್ಬ ಪೋಪ್ ಲೆಕ್ಕ ತಪ್ಪಿದೆ ಎಂದು ಪಂಚಾಂಗ ತಿದ್ದಿಸಿ ಹತ್ತು ದಿನ ಹಾರಿಸಿಬಿಟ್ಟಿದ್ದ. ಹಳೆ ಮತದವರು ಒಪ್ಪಿಕೊಂಡರು. ಹೊಸ ಮತದವರು ಮಾತ್ರ, ನಮ್ಮ ಆಯುಸ್ಸಿನ ಹತ್ತು ದಿನ ಕಿತ್ತುಕೊಳ್ಳಲು ಅವನ್ಯಾರು ಎಂದು ಹಟ ಹಿಡಿದರು. ಹೀಗಾಗಿ ಹಳೆ ಮತದವರದು ಹೊಸ ಪಂಚಾಂಗ, ಹೊಸ ಮತದವರದು ಹಳೆ ಪಂಚಾಂಗ! ಗುಡ್ಡದ ಕೇರಿಯಲ್ಲಿ ಇಪ್ಪತ್ತನಾಲ್ಕನೇ ತಾರೀಖು, ನೂರು ಹೆಜ್ಜೆ ಇಳಿದು ಹೊಳೆ ಕೇರಿಗೆ ಬಂದರೆ ಹದಿನಾಲ್ಕು. ಎಲ್ಲ ಹಬ್ಬವೂ ಊರಿಗೆ ಎರಡೆರಡು ಸಲ ಬರುತ್ತಿತ್ತು.

ಪಾದ್ರಿಗಳ ಕಣ್ಣು ಮಂಜಾದ ಮೇಲೆ ಪಂಚಾಂಗ ನೋಡುವುದು, ಕಾಗದ ಓದುವುದು ಎರಡೂ ಯೋಸ್ಟ್‌ನ ಕೆಲಸವಾಯಿತು.

ಆ ವರ್ಷ ಮತದ ಯುದ್ಧ ಹೊಳೆಯ ತನಕ ಬಂತು. ಪೋಪನ ಕಡೆಯ ದಳಪತಿಯೊಬ್ಬ ಬಂದು ಬೀಡುಬಿಟ್ಟು, ಪಾದ್ರಿಗಳಿಗೆ ಕಾಗದ ಕಳಿಸಿದ. ಯೋಸ್ಟ್ ಓದಿ ಹೇಳಿದ.

"ದೇವದೂತ ಮೀಕಾಯೇಲನ ಹಬ್ಬದ ಬೆಳಗಿನೊಳಗೆ ಹೊಳೆ ಕೇರಿಯವರೆಲ್ಲ ಸೇತುವೆ ದಾಟಿ ಹೋಗಬೇಕಂತೆ. ಅಲ್ಲಿಯವರೆಗೆ ಯಾರನ್ನೂ ತಡೆಯುವುದಿಲ್ಲವಂತೆ. ಆಮೇಲೆ ಕೇರಿ ಸುಡುತ್ತಾರೆ, ಒಳಗಿದ್ದವರ ಸಮೇತ."

"ಹಬ್ಬಕ್ಕೆ ಎಷ್ಟು ದಿನ ಇದೆ?"

"ಹದಿನೈದು. ಇವತ್ತು ಹದಿನಾಲ್ಕು, ಹಬ್ಬ ಇಪ್ಪತ್ತೊಂಬತ್ತಕ್ಕೆ."

"ಸರಿ. ದ್ರಾಕ್ಷಿ ಹಿಂಡುವುದು ಮುಗಿಸಿಕೊಂಡು ಹೊರಡಲಿ."

ಅಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಪಾದ್ರಿಗಳು ಕೇಳಲಿಲ್ಲ. ಅದಕ್ಕಾಗಿ ಆಮೇಲೆ ತಮ್ಮನ್ನೇ ಚೆನ್ನಾಗಿ ಬೈದುಕೊಂಡರು.

ನಾಲ್ಕು ದಿನ ಕಳೆದು ಮಧ್ಯಾಹ್ನ ಊರ್ಸುಲ ಬೇಲಿಯ ಹತ್ತಿರ ಬಂದಳು. ದಪ್ಪ ಬಟ್ಟೆಯಲ್ಲಿ ಏನೋ ಸುತ್ತಿ ಹಿಡಿದಿದ್ದಳು.

"ಇದೇನು ಪಾದ್ರಿಗಳೇ, ನಿಮ್ಮವರು ಇನ್ನೂ ದ್ರಾಕ್ಷಿ ತುಳೀತಾ ನಿಂತಿದ್ದಾರೆ? ಒಂದು ಗಾಡಿಯೂ ಕಟ್ಟಿಲ್ಲವಲ್ಲ!"

"ಇನ್ನೂ ಹನ್ನೊಂದು ದಿನ ಇದೆಯಲ್ಲಮ್ಮ."

"ಯಾರು ಹೇಳಿದ್ದು? ಬೆಳಗಾದರೆ ಹಬ್ಬ! ಹಬ್ಬದ ರೊಟ್ಟಿ ಈಗ ತಾನೇ ಒಲೆಯಿಂದ ತೆಗೆದೆ. ದಾರಿಗೆ ಇರಲಿ ಅಂತ ನಿಮಗೊಂದು ತಂದೆ. ಬೇಗ ಹೊರಡಿ, ನಿಮ್ಮ ದಮ್ಮಯ್ಯ."

ಬಟ್ಟೆ ಅವರ ಕೈಯಲ್ಲಿಟ್ಟು ಅವಳು ಹೊರಟುಹೋದಳು. ಪಾದ್ರಿಗಳು ಸರಸರನೆ ಒಳಗೆ ಬಂದರು. ರೊಟ್ಟಿಯನ್ನು ಒಲೆಯ ಕೆಂಡದ ಪಕ್ಕ ಇಟ್ಟು ಶಿಷ್ಯನನ್ನು ಕೂಗಿದರು.

"ಯೋಸ್ಟ್, ಆ ಕಾಗದದ ಮೇಲೆ ಇದ್ದ ತಾರೀಖು ಯಾವುದು?"

"ಇಪ್ಪತ್ತನಾಲ್ಕು ಅಂತ ತಪ್ಪು ಬರೆದಿದ್ದರು. ನಾನು ಹದಿನಾಲ್ಕು ಅಂತ ತಿದ್ದಿಕೊಂಡೆ."

"ತಿದ್ದಿಕೊಂಡೆಯಾ?"

"ತಪ್ಪು ಕಂಡಮೇಲೆ ತಿದ್ದದೆ ಬಿಡಲೇ ಗುರುಗಳೇ?"

ಪಾದ್ರಿಗಳು ತಲೆ ಮೇಲೆ ಕೈ ಹೊತ್ತು ಕೂತರು.

"ಅಯ್ಯಾ ಮಹಾನುಭಾವ, ಬೆಂಕಿ ಹಚ್ಚುವವನು ಆ ದಳಪತಿ. ಅವನ ಪಂಚಾಂಗದಂತೆ ನಾಳೆ ಹಚ್ಚುತ್ತಾನೆ."

"ಹತ್ತು ದಿನ ಮುಂಚೆ ಹಚ್ಚಿದರೆ ಅದು ವಚನಭಂಗ. ತಪ್ಪು ಅವನದೇ ಆಗುತ್ತದೆ."

"ಆಗಲಿ! ಬೂದಿಯಾದ ಮೇಲೆ ನೀನೇ ಹೋಗಿ ಅವನಿಗೆ ಹೇಳುವಿಯಂತೆ!"

ಇವನ ಹತ್ತಿರ ಮಾತಾಡಿ ಪ್ರಯೋಜನವಿಲ್ಲ ಎಂದು ಪಾದ್ರಿಗಳು ಕೋಲೂರಿಕೊಂಡು ತಾವೇ ದ್ರಾಕ್ಷಿ ತುಳಿಯುವ ಕಡೆ ಹೋದರು. ನಾಳೆ ಹಬ್ಬ, ಈಗಲೇ ಹೊರಡಿ ಎಂದರು. ಕೇರಿಯ ಹಿರಿಯ ಫೆಲ್ಟೆನ್ ತೊಟ್ಟಿಯೊಳಗಿಂದ ಕಾಲು ತೆಗೆಯಲೇ ಇಲ್ಲ.

"ನಿಮಗೆ ಇನ್ನೂ ಮಠದ ವಾಸನೆ ಹೋಗಿಲ್ಲ ಪಾದ್ರಿಗಳೇ. ಪಂಚಾಂಗ ನೋಡುವವನು ಯೋಸ್ಟ್. ಅವನು ಹೇಳಲಿ, ಹೊರಡುತ್ತೇವೆ."

ಅರವತ್ತೊಂದು ಜನ. ಅಷ್ಟೂ ಜೀವ ಈಗ ಆ ಹಟಮಾರಿಯ ಒಂದು ಮಾತಿನ ಮೇಲೆ ನಿಂತಿತ್ತು. ಪಾದ್ರಿಗಳು ಏದುಸಿರು ಬಿಡುತ್ತ ಮನೆಗೆ ಬಂದರು.

"ಹೋಗಿ ಹೇಳು, ನಾಳೆ ಹಬ್ಬ ಅಂತ."

ಯೋಸ್ಟ್‌ನ ಮುಖ ಬಾಡಿತು. "ಹೇಗೆ ಹೇಳಲಿ ಗುರುಗಳೇ? ಪೋಪನ ಪಂಚಾಂಗ ಒಪ್ಪುವುದು ಪಾಪ ಎಂದು ನಾನೇ ಪ್ರಸಂಗ ಮಾಡಿದ್ದೇನೆ. ಈಗ ನಾನೇ ಹೇಳಿದರೆ ನನ್ನ ಮಾತಿಗೆ ಬೆಲೆ ಉಳಿಯುತ್ತದೆಯೇ? ನಾಳೆ ಎನ್ನುವುದು ಹತ್ತೊಂಬತ್ತು. ಅದು ಸತ್ಯ."

"ಕೈ ಚಾಚು."

ಚಾಚಿದ. ಪಾದ್ರಿಗಳು ಕೆಂಡದ ಪಕ್ಕದಿಂದ ರೊಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಅವನ ಅಂಗೈ ಮೇಲೆ ಇಟ್ಟರು. ಯೋಸ್ಟ್ ಚೀರಿ ಕೈ ಕೊಡವಿದ. ರೊಟ್ಟಿ ನೆಲಕ್ಕೆ ಬಿತ್ತು.

"ಯಾಕಯ್ಯಾ ಬಿಟ್ಟೆ?"

"ಸುಟ್ಟಿತು ಗುರುಗಳೇ!"

"ಹೇಗೆ ಸುಡುತ್ತದೆ? ಅದು ಮೀಕಾಯೇಲನ ಹಬ್ಬದ ರೊಟ್ಟಿ. ನಿನ್ನ ಪಂಚಾಂಗದ ಪ್ರಕಾರ ಅದು ಇನ್ನೂ ಒಲೆಗೇ ಹೋಗಿಲ್ಲ."

ಯೋಸ್ಟ್ ಕೆಂಪಾದ ಅಂಗೈಯನ್ನು ನೋಡುತ್ತ ನಿಂತ. ಆಮೇಲೆ ಹೊರಗೆ ಹೋದ.

ಪಾದ್ರಿಗಳು ಬಾಗಿಲಲ್ಲಿ ನಿಂತು ಕಿವಿಗೊಟ್ಟರು. ಕೊನೆಗೆ ಅವನ ದನಿ ಬಂತು, ಒಡೆದ ದನಿ.

"ನಾಳೆ ಮೀಕಾಯೇಲನ ಹಬ್ಬ. ಪೋಪನ ಪಂಚಾಂಗದಂತೆ. ಗಾಡಿ ಕಟ್ಟಿ."

"ಥೂ, ನೀನೂ ಆ ಕಡೆಯವನಾದೆಯಾ?" ಎಂದ ಫೆಲ್ಟೆನ್. ಉಗುಳಿದ ಫೆಲ್ಟೆನ್ ತೊಟ್ಟಿಯಿಂದ ಇಳಿದು ಗಾಡಿಗೆ ಎತ್ತು ಹೂಡಲು ಹೋದ.

ಪಾದ್ರಿಗಳು ನೆಲದಲ್ಲಿ ಕೈಯಾಡಿಸಿ ರೊಟ್ಟಿ ಹುಡುಕಿ, ಧೂಳು ಒರೆಸಿ ಗಂಟಿನಲ್ಲಿ ಹಾಕಿಕೊಂಡರು. ಹೊತ್ತು ಮುಳುಗುವುದರೊಳಗೆ ಅರವತ್ತೊಂದು ಜನವೂ ಸೇತುವೆ ದಾಟಿದರು.

ಮರುದಿನ ಬೆಳಿಗ್ಗೆ ಆಚೆ ದಿಣ್ಣೆಯ ಮೇಲಿಂದ ಹಿಂತಿರುಗಿ ನೋಡಿದರೆ ಹೊಳೆ ಕೇರಿಯಿಂದ ಹೊಗೆ ಏಳುತ್ತಿತ್ತು. ಹೆಂಗಸರು ಅತ್ತರು. ಫೆಲ್ಟೆನ್ ಟೋಪಿ ತೆಗೆದು ನಿಂತ.

"ಹತ್ತು ದಿನ ಮುಂಚೆಯೇ..." ಎಂದು ಯೋಸ್ಟ್ ಶುರುಮಾಡಿದ. ಪಾದ್ರಿಗಳು ಅವನ ಕಡೆ ತಿರುಗಿದರು. ಅವನು ಸುಟ್ಟ ಅಂಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ದೂರದ ಊರೊಂದರಲ್ಲಿ ಯಾರೋ ಪುಣ್ಯಾತ್ಮರು ಹುಲ್ಲಿನ ಕೊಟ್ಟಿಗೆಯಲ್ಲಿ ಜಾಗ ಕೊಟ್ಟರು. ಹೊಳೆ ದಾಟಿ ಹತ್ತು ದಿನವಾಗಿತ್ತು. ಪಾದ್ರಿಗಳು ಗೋಡೆಗೆ ಒರಗಿ ಕೂತಿದ್ದರು. ಒಂದು ಮೂಲೆಯಲ್ಲಿ ಫೆಲ್ಟೆನ್ ಗೊರಕೆ ಹೊಡೆಯುತ್ತಿದ್ದ, ಇನ್ನೊಂದು ಮೂಲೆಯಲ್ಲಿ ಕೂಸುಗಳು ಅರಚುತ್ತಿದ್ದವು. ಯೋಸ್ಟ್ ಪಂಚಾಂಗ ಹಿಡಿದುಕೊಂಡು ಬಂದ.

"ಗುರುಗಳೇ, ನಾಳೆ ನಿಜವಾದ ಮೀಕಾಯೇಲನ ಹಬ್ಬ."

"ಹೂಂ."

"ಆವತ್ತು ಅನಿವಾರ್ಯವಾಗಿತ್ತು, ಹೇಳಿದೆ. ಆದರೆ ಸರಿಯಾದ ದಿನ ನಾಳೆಯೇ. ಆಚರಿಸದೆ ಇರುವುದು ತಪ್ಪಲ್ಲವೇ?"

"ಆಚರಿಸು."

"ಹೇಗೆ ಆಚರಿಸಲಿ? ಹಬ್ಬದ ರೊಟ್ಟಿಯೇ ಇಲ್ಲವಲ್ಲ."

ಪಾದ್ರಿಗಳು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು. ಗಂಟು ಬಿಚ್ಚಿ ಊರ್ಸುಲಳ ರೊಟ್ಟಿಯನ್ನು ಹೊರತೆಗೆದರು. ಅದು ಒಣಗಿ ಕಲ್ಲಾಗಿತ್ತು. ಶಿಷ್ಯನ ಕೈ ಹಿಡಿದೆಳೆದು, ಬೊಬ್ಬೆ ಮಾಗಿದ ಅಂಗೈ ಮೇಲೆ ಅದನ್ನು ಇಟ್ಟರು.

"ತಗೋ ಮಾರಾಯ. ನಿನ್ನ ಪಂಚಾಂಗದ ಪ್ರಕಾರ ಈಗ ತಾನೇ ಒಲೆಯಿಂದ ತೆಗೆದದ್ದು. ಬಿಸಿ ಇದ್ದೀತು, ಜೋಪಾನ."